ಮುಂದಿನ ಬಸ್ಸಿನ ಕಂಡಕ್ಟರ್ ಕಂಪ್ಯೂಟರ್ ಹಿಡಿದದ್ದು

ನನ್ನ ಹೊಟ್ಟೆ ಉರಿಸುವುದಕ್ಕೆಂದೇ ಈ ಕಡೆ ವಾರಕ್ಕೊಂದು ಸಂಗತಿ ನಡೆಯುತ್ತದೆ. ಮುಕ್ಕಾಲು ಪಾಲು ನನ್ನ ಸ್ನೇಹಿತನದ್ದೇ. ಇಬ್ಬರೂ ಬಿ.ಕಾಂ. ಮಾಡಿ, ಬೈಂದೂರು–ಬ್ರಹ್ಮಾವರ ನಡುವೆ ಹನ್ನೆರಡು ವರ್ಷ ಕಂಡಕ್ಟರಾಗಿದ್ದವರು. ಅವನ ಬಸ್ಸು ನನ್ನದಕ್ಕಿಂತ ಏಳು ನಿಮಿಷ ಮುಂದೆ. ಸ್ಟಾಪಿನ ಜನವನ್ನೆಲ್ಲ ಅವನು ಬಳಿದುಕೊಂಡು ಹೋದ ಮೇಲೆ ನನಗೆ ಉಳಿಯುತ್ತಿದ್ದದ್ದು ಪಾಸಿನ ಮಕ್ಕಳು ಮತ್ತು ಮೀನಿನ ಬುಟ್ಟಿ.

೧. ಲಡ್ಡು

ವಯಸ್ಸು ಮೂವತ್ತೈದು ತುಂಬಿದ ಮೇಲೆ ಒಂದು ದಿನ ಅವನು ಕುಂದಾಪುರ ಬಸ್ ಸ್ಟ್ಯಾಂಡಿನಲ್ಲಿ ಲಡ್ಡು ಹಿಡಿದು ಬಂದ.

"ಹ್ವಾಯ್, ನಂಗೆ ಸಾಫ್ಟ್‌ವೇರ್ ಕೆಲ್ಸ ಸಿಕ್ಕಿತ್ ಮಾರಾಯ. ಮನಿಯಂಗೇ ಕೂಕಂಡ್ ಮಾಡೂದ್."

"ಯೇಗ್ಳ್ ಕಲ್ತೆ?"

"ಬ್ರಹ್ಮಾವರದಂಗೆ ಬಸ್ ಅರ್ಧ ಗಂಟಿ ನಿಲ್ತಿತ್ತಲ್ದಾ, ಆಗ್ಳ್."

ಅದೇ ಅರ್ಧ ಗಂಟೆ ನನಗೂ ಇತ್ತು. ನಾನದನ್ನು ಚಾ ಕುಡಿಯುವುದರಲ್ಲಿ, ಇವನಿಗೆ ಬೈಯುವುದರಲ್ಲಿ ಕಳೆದಿದ್ದೆ. ಲಡ್ಡು ತಿಂದು, "ಸಕ್ಕರೆ ಜಾಸ್ತಿ ಆಯ್ತ್" ಅಂದೆ. ಅನುಮಾನ ಬೇಡವೆಂದು ಇನ್ನೂ ಎರಡು ತಿಂದೆ. ಅವುಗಳಲ್ಲೂ ಜಾಸ್ತಿಯೇ ಇತ್ತು.

೨. ಕಡುಬು

ಕಿರಿಮಂಜೇಶ್ವರದಲ್ಲಿ ಬಸ್ಸು ಹತ್ತುವ ಒಬ್ಬ ಅಜ್ಜಿಯ ಮಗಳ ಮನೆ ಬೀಜಾಡಿಯಲ್ಲಿ, ಇವನ ಮನೆಯ ಪಕ್ಕದಲ್ಲೇ.

"ಮಗಾ, ನಿಮ್ಮ ಆ ಇನ್ನೊಬ್ಬ ಕಂಡಕ್ಟ್ರ್ ಇಡೀ ದಿನ ಮನಿಯಂಗೇ ಇರ್ತ ಅಂಬ್ರ್. ಕೆಲ್ಸ ಹೋಯ್ತಾ?" ಎಂದು ಕೇಳಿದರು.

ನಿಜ ಹೇಳಬಹುದಿತ್ತು. ಬಾಯಿ ಬರಲಿಲ್ಲ. "ಹೌದ್ ಅಮ್ಮ, ಭಾರೀ ಕಷ್ಟ" ಅಂದೆ. ಮನಸ್ಸು ತಂಪಾಯಿತು.

ಮರುದಿನ ಅಜ್ಜಿ ಒಂದು ಪಾತ್ರೆ ತುಂಬ, ಹಲಸಿನ ಎಲೆಯಲ್ಲಿ ಬೇಯಿಸಿದ ಕೊಟ್ಟೆ ಕಡುಬು ನನ್ನ ಕೈಗೇ ಕೊಟ್ಟರು. "ಪಾಪ, ಅವ್ನಿಗೆ ಮುಟ್ಸ್" ಅಂದರು. ಟ್ರಿಪ್ ಮುಗಿಸಿ ಬಿಸಿಲಲ್ಲಿ ಹೊತ್ತುಕೊಂಡು ಹೋದೆ. ಅವನು ಕೂತಲ್ಲೇ ಎಂಟು ತಿಂದ. ಪಾತ್ರೆ ತೊಳೆದು ವಾಪಸ್ ಮುಟ್ಟಿಸುವ ಕೆಲಸ ನನಗೆ ಸಿಕ್ಕಿತು.

೩. ಸೀಟಿ

ನನಗೆ ರಜೆಯಿದ್ದ ದಿನ ನೋಡೋಣವೆಂದು ಅವನ ಮನೆಗೆ ಹೋದೆ. ಫ್ಯಾನಿನ ಕೆಳಗೆ ಕೂತು ಕಂಪ್ಯೂಟರಿನಲ್ಲೇ ಮೀಟಿಂಗ್ ಮಾಡುತ್ತಿದ್ದ. ಬೆವರಿಲ್ಲ, ಚಿಲ್ಲರೆ ಜಗಳವಿಲ್ಲ.

ಮ್ಯಾನೇಜರ್ ಒಂದೇ ಸಮನೆ ಮಾತಾಡುತ್ತಿದ್ದರು. ಇವನಿಗೆ ತೂಕಡಿಕೆ. ಅವರು ಉಸಿರು ತೆಗೆಯಲು ಒಂದು ಗಳಿಗೆ ನಿಲ್ಲಿಸಿದ್ದೇ ತಡ, ಬಸ್ಸು ನಿಂತಿದೆ ಅಂದುಕೊಂಡನೋ ಏನೋ, ಕಣ್ಣು ಮುಚ್ಚಿದವನೇ ಮೇಜಿಗೆ ಎರಡು ಸಲ ಬಡಿದು ಬಾಯಲ್ಲೇ ಜೋರಾಗಿ ಸೀಟಿ ಹೊಡೆದ.

ಕೆಲಸ ಹೋಯಿತೆಂದು ನಾನು ಸರಿಯಾಗಿ ಕೂತುಕೊಂಡೆ. ಮ್ಯಾನೇಜರ್ ಗಡಿಯಾರ ನೋಡಿ, "ಹೌದು, ತುಂಬಾ ಹೊತ್ತಾಯ್ತು" ಎಂದು ಮೀಟಿಂಗ್ ಮುಗಿಸಿಬಿಟ್ಟರು. ಈಗ ಅಲ್ಲಿನ ಎಲ್ಲ ಮೀಟಿಂಗಿಗೂ ಇವನೇ ಬೇಕಂತೆ. ಹನ್ನೆರಡು ವರ್ಷ ನಾನು ಹೊಡೆದ ಸೀಟಿಗೆ ಬೆಲೆ ಕೊಟ್ಟದ್ದು ಡ್ರೈವರ್ ಒಬ್ಬನೇ, ಅದೂ ಮನಸ್ಸಿದ್ದರೆ.

೪. ತಪ್ಪು

ಸಾಕಾಯಿತು. ನಲವತ್ತರೊಳಗೆ ನಾನೂ ಫ್ಯಾನಿನ ಕೆಳಗೆ ಕೂರಲೇಬೇಕೆಂದು ಗುಟ್ಟಾಗಿ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವ ಕೋರ್ಸಿಗೆ ಸೇರಿದೆ. ಆರು ತಿಂಗಳು ಕಲಿತೆ. ಹನ್ನೊಂದು ಕಡೆ ಅರ್ಜಿ ಹಾಕಿದೆ, ಹನ್ನೊಂದೂ ಕಡೆ ಸದ್ದಿಲ್ಲ. ಆಸೆ ಬಿಡುವಷ್ಟರಲ್ಲಿ, ಅರ್ಜಿಯನ್ನೇ ಹಾಕದ ಒಂದು ಕಡೆಯಿಂದ ಪರೀಕ್ಷೆಗೆ ಕರೆ ಬಂತು. ಅದು ಇವನದೇ ಕಂಪೆನಿ! ಇವನಿಗೆ ಹೇಳಲಿಲ್ಲ, ಸೋತರೆ ನಗುತ್ತಾನೆ.

ಒಂದು ಬಸ್ ಟಿಕೆಟ್ ಆ್ಯಪ್ ಕೊಟ್ಟು, ಎರಡು ದಿನದಲ್ಲಿ ತಪ್ಪು ಪಟ್ಟಿ ಮಾಡಿ ಅಂದರು. ತೆರೆದರೆ ಕೆಳಗೆ ಸಣ್ಣಕ್ಷರದಲ್ಲಿ ಮಾಡಿದವನ ಹೆಸರು: ನನ್ನ ಸ್ನೇಹಿತ!

ಮತ್ತೆ ನಾನು ಮನುಷ್ಯನಾಗಿ ಉಳಿಯಲಿಲ್ಲ. ಊಟ ಬಿಟ್ಟು ಕೂತೆ. ಬ್ರಹ್ಮಾವರದಿಂದ ಬ್ರಹ್ಮಾವರಕ್ಕೇ ಟಿಕೆಟ್ ಕೊಡುತ್ತದೆ. ನಿನ್ನೆ ಹೋದ ಬಸ್ಸಿಗೆ ಇವತ್ತು ಸೀಟು ಕೊಡುತ್ತದೆ. ಐದು ವರ್ಷದ ಮಗುವಿಗೆ ಹಿರಿಯರ ರಿಯಾಯಿತಿ! ಒಟ್ಟು ಅರುವತ್ತೆರಡು ತಪ್ಪು. ಒಂದೊಂದನ್ನು ಬರೆಯುವಾಗಲೂ ಪಾಯಸ ಕುಡಿದಷ್ಟು ಸುಖ.

ಮ್ಯಾನೇಜರ್ ಫೋನ್ ಮಾಡಿದರು. "ಉಳಿದವರು ಹತ್ತು ದಾಟಲಿಲ್ಲ. ನಿಮಗೆ ಹೇಗೆ ಸಾಧ್ಯವಾಯ್ತು?"

ಸುಳ್ಳು ಹೊಳೆಯಲಿಲ್ಲ. "ಮಾಡಿದವ ನನ್ನ ಸ್ನೇಹಿತ ಸಾರ್. ಹೊಟ್ಟೆಕಿಚ್ಚು."

ಅವರು ನಕ್ಕು, "ಸೋಮವಾರದಿಂದ ಸೇರಿ" ಅಂದರು.

ಇನ್ನು ಇವನ ಮೋರೆ ನೋಡಬೇಕೆಂದು ತಕ್ಷಣ ವಿಡಿಯೋ ಕರೆ ಮಾಡಿದೆ. "ಹ್ವಾಯ್, ನಿನ್ನ ಅರುವತ್ತೆರಡು ತಪ್ಪು ಹಿಡ್ದ್ ಕೆಲ್ಸ ತಕಂಡೆ!"

ಅವನು ಹಲ್ಲು ಬಿಟ್ಟ. "ಗೊತ್ತಿತ್ ಮಾರಾಯ, ನಿನ್ನ ಗುಟ್ಟಿನ ಕೋರ್ಸ್ ಬಸ್ಸಿನವ್ರಿಗೆಲ್ಲ ಗೊತ್ತಿತ್. ನಿನ್ನ ಹೆಸ್ರ್ ಕೊಟ್ಟದ್ದೇ ನಾನ್. ನನ್ ಕಂಡ್ರೆ ಇಷ್ಟ್ ಉರ್ಕಂಬವ ಬೈಂದೂರಿಂದ ಬ್ರಹ್ಮಾವರದ ತನ್ಕ ಮತ್ಯಾರ್ ಇದ್ದ?"