ಗಾಜಿನ ಮೇಲೊಂದು ಕರಿ ಬೆಳೆ

ಗಂಭೀರವಾಗಿರಬೇಕು ಅಂತ ನಾನು ಎಷ್ಟು ಒದ್ದಾಡಿದರೂ ನಮ್ಮ ಲ್ಯಾಬು ಬಿಡುವುದಿಲ್ಲ. ಹಾಸನದ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ಲ್ಯಾಬ್ ಟೆಕ್ನಿಷಿಯನ್. ನಮ್ಮ ಮೇಡಂ ಗಾಜಿನ ಮೇಲೆ ಇಂಗಾಲದ ನ್ಯಾನೋ ಕೊಳವೆ ಬೆಳೆಸುವವರು. ಕೂದಲನ್ನು ಸಾವಿರ ಸೀಳು ಸೀಳಿದರೆ ಒಂದು ಸೀಳು ಎಷ್ಟೋ, ಅಷ್ಟು ಸಣ್ಣವು. ಅವು ಪೈರಿನ ಹಾಗೆ ನೆಟ್ಟಗೆ ನಿಂತರೆ ತುದಿಯಿಂದ ಎಲೆಕ್ಟ್ರಾನ್ ಚಿಮ್ಮಿ ಎದುರಿನ ಪರದೆ ಬೆಳಗುತ್ತದೆ. ಬೆಳೆಸುವ ಯಂತ್ರಕ್ಕೆ ದುಡ್ಡು ಕೊಟ್ಟವರು ಪರಿಶೀಲನೆಗೆ ಬಂದಾಗ ಅದು ಬೆಳಗದಿದ್ದರೆ ಯಂತ್ರ ಬೇರೆ ಕಾಲೇಜಿಗೆ, ಮೇಡಂ ವರ್ಷಗಟ್ಟಲೆ ಮಾಡಿದ ಕೆಲಸ ಗುಜರಿಗೆ.

೧. ಗ್ಯಾರಂಟಿ

ಕೊಳವೆ ಬೆಳೆಯಲು ಕುಲುಮೆಯ ಕಾವು ಬೇಕು. ಆ ಕಾವಿಗೆ ಗಾಜು ತಡೆಯುವುದಿಲ್ಲ. ಮೊದಲ ತುಂಡು ಹಪ್ಪಳದ ಹಾಗೆ ಸೊಟ್ಟಗಾಗಿ ಹೊರಗೆ ಬಂತು. ಅದನ್ನು ಹಿಡಿದುಕೊಂಡು ಹೊಳೆನರಸೀಪುರದ ಗಾಜಿನಂಗಡಿಗೆ ಹೋಗಿ ಜಗಳ ತೆಗೆದೆ.

"ಗ್ಯಾರಂಟಿ ಅಂದಿದ್ರಲ್ಲ?"

ಅಂಗಡಿಯವರು ತಿರುಗಿಸಿ ತಿರುಗಿಸಿ ನೋಡಿದರು. "ಕಿಟಕಿಗೆ ಆಕೋಕೆ ಗ್ಯಾರಂಟಿ ಕಣ್ರೀ. ಕರಿಯೋಕಲ್ಲ."

೨. ಬೆಳೆ ರೋಗ

ಮೇಡಂ ಕಾವು ಇಳಿಸಿ ಬೆಳೆಸುವ ದಾರಿ ಹುಡುಕತೊಡಗಿದರು. "ಲ್ಯಾಬಲ್ಲಿ ಅರ್ಧ ಗಂಟೇಲಿ ಬೆಳೆ ತೆಗೀತೀವಿ" ಅಂತ ನಾನು ಅರಕಲಗೂಡಿನ ಭಾವನಿಗೆ ಹೇಳಿದೆ. ಆಲೂಗಡ್ಡೆ ಬೆಳೆಯುವ ಮನುಷ್ಯ, ತಡೆಯಲಾರದೆ ಬಸ್ಸು ಹತ್ತಿ ಬಂದೇಬಿಟ್ಟರು.

"ಬೀಜ ಏನ್ಲಾ?"

"ನಿಕ್ಕಲ್ ಲೇಪ, ಭಾವ."

"ಗೊಬ್ರ?"

"ವೆಲ್ಡಿಂಗ್‌ನೋರ ಗ್ಯಾಸು."

"ನೀರು?"

"ನೀರಿರ್ಲಿ, ಒಳಗೆ ಗಾಳೀನೂ ಇಲ್ಲ."

ಅಷ್ಟರಲ್ಲಿ ಮೇಡಂ ಕಡುಗಪ್ಪಾದ ಗಾಜನ್ನು ಹೊರತೆಗೆದರು. ಭಾವ ಎದೆ ಹಿಡಿದುಕೊಂಡರು. "ಅಯ್ಯೋ ತಾಯಿ, ಅಂಗಮಾರಿ ರೋಗ ಬಡ್ದೈತೆ! ಇವತ್ತೇ ಔಷ್ದಿ ಒಡೀರಿ!"

೩. ಸೀಟಿ

ಕಾವು ಇಳಿದದ್ದಕ್ಕೆ ಗಾಜೇನೋ ಉಳಿಯಿತು. ಆದರೆ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೊಳವೆಗಳೆಲ್ಲ ಶಾವಿಗೆ ಚೆಲ್ಲಿದ ಹಾಗೆ ಮಲಗಿವೆ. ಮೇಡಂ ಊಟ ಬಿಟ್ಟರು. ನಾನು ಪಿ.ಟಿ. ಮೇಷ್ಟ್ರ ಹತ್ತಿರ ಹೋಗಿ, "ಮೇಡಂ ಕರೀತಾರೆ, ಯಾರೋ ನೆಟ್ಟಗೆ ನಿಲ್ತಿಲ್ವಂತೆ" ಅಂದೆ. ಅವರು ಬಂದವರೇ ಯಂತ್ರದ ಮುಂದೆ ಜೋರಾಗಿ ಸೀಟಿ ಊದಿದರು. ಮರುದಿನದ ಬೆಳೆ ನೋಡಿದರೆ ಎಲ್ಲ ಸಾಲಾಗಿ ಎದ್ದು ನಿಂತಿವೆ! ತಾವು ಯಂತ್ರದ ವೋಲ್ಟೇಜ್ ಏರಿಸಿದ್ದಕ್ಕೆ ನಿಂತವು ಅಂತಾರೆ ಮೇಡಂ. ಅನ್ನಲಿ ಬಿಡಿ, ಸೀಟಿ ಊದುವಾಗ ಅವರು ಕಿವಿ ಮುಚ್ಚಿಕೊಂಡಿದ್ದರು.

೪. ತಗಡು

ಪರದೆಯ ಮೇಲೆ ಹಾಸನದ ಹೆಸರೇ ಬೆಳಗಬೇಕು ಅನ್ನುವುದು ಮೇಡಂ ಆಸೆ. ಅಕ್ಷರ ಕೊರೆದ ತಗಡು ಇಟ್ಟು ಲೇಪ ಹಾಕಿದರೆ ಕೊಳವೆ ಅದೇ ಆಕಾರದಲ್ಲಿ ಬೆಳೆಯುತ್ತದೆ. ಏನು ಕೊರೆಯಬೇಕು ಅಂತ ಚನ್ನರಾಯಪಟ್ಟಣದ ನೇಮ್‌ಪ್ಲೇಟಿನವನಿಗೆ ನಾನು ಫೋನಿನಲ್ಲೇ ಹೇಳಿದೆ. ಬಂದ ಅಕ್ಷರಗಳು ಅಕ್ಕಿಕಾಳಿನಷ್ಟು. ಕನ್ನಡಕ ಹುಡುಕಲು ನನಗೆ ಸೋಮಾರಿತನ. ಮೇಡಂ ನನ್ನನ್ನು ನಂಬಿದರು, ಅದು ಅವರ ತಪ್ಪು.

ಪರಿಶೀಲನೆಯ ದಿನ ಬಂದವರಲ್ಲಿ ಹಿರಿಯರೊಬ್ಬರು ಕುರ್ಚಿ ಕೊಟ್ಟರೂ ಬೇಡವೆಂದು ಕೈಕಟ್ಟಿ ನಿಂತರು. ಮೇಡಂ ಸ್ವಿಚ್ ಹಾಕಿದರು. ಹಸಿರು ಬೆಳಕು ಮೂಡಿತು. ಹಿರಿಯರು ಬಗ್ಗಿ ಓದಿದರು: "ಆ...ಸ...ನ. ಏನಮ್ಮ ಇದು, ಆಸನ?"

ಮೇಡಂ ನನ್ನನ್ನು ಸುಡುವಂತೆ ನೋಡಿ, ಅವರ ಕಡೆ ತಿರುಗಿ ನಕ್ಕರು. "ಆಗಿಂದ ನಿಂತೇ ಇದ್ದೀರಲ್ಲ ಸಾರ್, ಕೂತ್ಕೊಳ್ಳಿ ಅಂತ."

ಹಿರಿಯರು ನಗುನಗುತ್ತಾ ಕೂತರು. ಯಂತ್ರ ಇಲ್ಲೇ ಇರಲಿ ಅಂತ ಅಲ್ಲೇ ಬರೆದರು.

ನಾನು ಹೊರಗೆ ಓಡಿ ನೇಮ್‌ಪ್ಲೇಟಿನವನಿಗೆ ಫೋನು ಹಚ್ಚಿದೆ. "ಲೇ, ಏನ್ಲಾ ಕೊರ್ದಿದ್ದೀಯ?"

"ನೀವ್ ಏಳಿದ್ದೇ ಸಾ. ಆಸನ."

"ಥೂ! ನಾನೇಳಿದ್ದು ಆಸನ ಅಲ್ಲ ಕಣ್ಲಾ... ಆಸನ!"