ಅಂಬಾಸಿಡರ್ ಹೊಟ್ಟೆಯಲ್ಲಿ ಮಜ್ಜಿಗೆ

ನನ್ನ ನೆನಪನ್ನು ನಾನು ನಂಬುವುದಿಲ್ಲ. ಇತಿಹಾಸದಲ್ಲಿ ಎಂ.ಎ. ಮಾಡಿದ್ದರಿಂದ ನನಗಾದ ಒಂದೇ ಲಾಭವೆಂದರೆ, ಬರೆದಿಡದ ಮಾತಿಗೆ ಬೆಲೆಯಿಲ್ಲ ಎಂಬುದು ಮನದಟ್ಟಾದದ್ದು. ಆದ್ದರಿಂದ ದಿನಚರಿ ಬರೆಯುತ್ತೇನೆ. ತೋಟದ ಮೋಟಾರು ಕೆಟ್ಟ ದಿನ, ಹಾಲಿನವನು ತಡವಾಗಿ ಬಂದ ದಿನ, ಯಾರ ಜೊತೆ ಏಕೆ ಮಾತು ಬಿಟ್ಟೆ ಎಂಬುದು, ಎಲ್ಲ ಅದರಲ್ಲಿದೆ. ನನ್ನ ಹೆಂಡತಿ ಗಿರಿಜೆಗೆ ಇಂಥ ಪುಸ್ತಕ ಬೇಕಿಲ್ಲ. ಇಪ್ಪತ್ತು ವರ್ಷದ ಹಿಂದೆ ಸಂಪಿಗೆ ಊರಿನ ಮದುವೆಯೊಂದಕ್ಕೆ ನಾನು ಯಾವ ಶರ್ಟು ಹಾಕಿದ್ದೆ, ಅದರ ಮೇಲೆ ಯಾವ ಪಲ್ಯ ಬಿತ್ತು ಎಂಬುದನ್ನು ಅವಳು ನಿಂತ ನಿಲುವಿನಲ್ಲೇ ಹೇಳುತ್ತಾಳೆ. ನನ್ನ ದಿನಚರಿಯಲ್ಲಿ ಆ ದಿನ ‘ಊಟ ಚೆನ್ನಾಗಿತ್ತು’ ಎಂದಷ್ಟೇ ಇದೆ.

ನಮ್ಮ ಅಂಗಳದಲ್ಲಿ ಅಪ್ಪನ ಕಾಲದ ಅಂಬಾಸಿಡರ್ ಕಾರು ನಿಂತಿದೆ. ಒಂದು ಕಾಲಕ್ಕೆ ಮೂಟೆ ಮೂಟೆ ಕೊಬ್ಬರಿ ಹೊತ್ತು ತಿಪಟೂರಿಗೆ ಹೋಗಿ ಬರುತ್ತಿದ್ದ ಗಾಡಿ. ಈಗ ವಾರಕ್ಕೊಮ್ಮೆ ಅರಳಗುಪ್ಪೆಯವರೆಗೆ ಹೋಗಿ ಬಂದರೆ ಅದಕ್ಕೂ ನನಗೂ ಸುಸ್ತು. ಕಳೆದ ಚಳಿಗಾಲದ ಒಂದು ಬುಧವಾರ ಬೆಳಿಗ್ಗೆ ಇಂಜಿನ್ನಿನ ಆಯಿಲ್ ಮಟ್ಟ ನೋಡುವ ಕಡ್ಡಿಯನ್ನು ಎಳೆದರೆ, ಅದರ ಮೇಲ್ಭಾಗಕ್ಕೆ ಬೆಣ್ಣೆಯಂಥ ಬಿಳಿಯದೇನೋ ಮೆತ್ತಿಕೊಂಡಿತ್ತು. ಒರೆಸಿಟ್ಟು ಫೋನಿನಲ್ಲಿ ಹುಡುಕಿದೆ. ಆಯಿಲಿಗೆ ನೀರು ಸೇರಿದರೆ ಹೀಗೆ ಮಜ್ಜಿಗೆಯಾಗುತ್ತದೆ, ನೀರು ಆಯಿಲಿಗೆ ಸೇರದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಹೋಗಿದೆ, ಇಂಜಿನ್ ಬಿಚ್ಚಬೇಕು, ಅಲ್ಲಿಯವರೆಗೆ ಗಾಡಿ ಸ್ಟಾರ್ಟ್ ಮಾಡಲೇಬಾರದು ಎಂದು ನಾನಾ ದೇಶದ ಜನ ಒಕ್ಕೊರಲಿನಿಂದ ಹೇಳಿದರು.

ಇನ್ನೊಂದು ಸಲ ಇಂಜಿನ್ ಬಿಚ್ಚುವ ಕಾಲ ಬಂದರೆ ಕಾರನ್ನು ಕೊಟ್ಟುಬಿಡುತ್ತೇನೆ ಎಂದು ಹಿಂದಿನ ರಿಪೇರಿಯಲ್ಲಿ ಗಿರಿಜೆಗೆ ಮಾತು ಕೊಟ್ಟಿದ್ದೆ. ಅದನ್ನು ದಿನಚರಿಯಲ್ಲಿ ಬೇರೆ ಬರೆದಿದ್ದೆ. ಇಲ್ಲದಿದ್ದರೆ ಹೇಗೋ ಜಾರಿಕೊಳ್ಳಬಹುದಿತ್ತು. ಹುಳಿಯಾರಿನಲ್ಲೊಬ್ಬ, ಮದುವೆ ಗಂಡು ಹೆಣ್ಣಿನ ಫೋಟೋಗಳಿಗೆ ಹಳೇ ಕಾರು ಬಾಡಿಗೆಗೆ ಬಿಡುವವನು, ಎರಡು ವರ್ಷದಿಂದ ಇದರ ಮೇಲೆ ಕಣ್ಣಿಟ್ಟಿದ್ದ. ಭಾನುವಾರ ಬಂದು ನೋಡಿಕೊಂಡು ಹೋಗಪ್ಪ ಎಂದು ಅವನಿಗೆ ಫೋನು ಮಾಡಿದೆ. ಆಮೇಲೆ ಕಾರಿನ ಬಾಗಿಲು ತೆಗೆದು, ಅಪ್ಪ ಕೂರುತ್ತಿದ್ದ ಸೀಟಿನಲ್ಲಿ ಕೂತು ಸ್ಟಿಯರಿಂಗ್ ಹಿಡಿದು ನೋಡಿದೆ.

ಆದರೂ ಕೊನೆಯ ಆಸೆಯೆಂದು ತಿಪಟೂರಿನ ಮೆಕ್ಯಾನಿಕ್ ರಹೀಂ ಸಾಬರನ್ನು ಕರೆಸಿದೆ. ಅಪ್ಪನ ಕಾಲದಿಂದಲೂ ಈ ಕಾರಿಗೆ ಅವರೇ ಡಾಕ್ಟರು. ಅಂದೇ ಮಧ್ಯಾಹ್ನ ಬಂದು ಕಡ್ಡಿ ಎಳೆದರು. ಆಯಿಲ್ ಬಿಟ್ಟರೆ ಬೇರೇನೂ ಇರಲಿಲ್ಲ.

“ಎಲ್ಲಿ ಸಾರ್ ನಿಮ್ ಮಜ್ಜಿಗೆ?”

“ಬೆಳಿಗ್ಗೆ ಇತ್ತು ಸಾಬ್ರೇ.”

“ಗ್ಯಾಸ್ಕೆಟ್ ಹೋಗಿದ್ರೆ ಮಧ್ಯಾಹ್ನಕ್ಕೂ ಇರ್ಬೇಕಲ್ಲ ಸಾರ್. ರೇಡಿಯೇಟರ್ ನೀರೂ ಒಂದು ಲೋಟ ಇಳಿದಿಲ್ಲ. ಕನ್ನಡಕ ಯಾವಾಗ ಚೆಕ್ ಮಾಡಿಸಿದ್ದು?”

“ಅವ್ರಿಗೆ ಕಾಯಿಲೆ ಹುಡುಕೋದೇ ಕೆಲ್ಸ ಕಣ್ರೀ ಸಾಬ್ರೇ,” ಎಂದಳು ಬಾಗಿಲಲ್ಲಿ ನಿಂತ ಗಿರಿಜೆ. “ಹೋದ ತಿಂಗ್ಳು ಅವ್ರಿಗೇ ಬಿ.ಪಿ. ಇತ್ತು. ಈಗ ಕಾರಿಗೆ ದಾಟಿದೆ.”

ಗುರುವಾರ ಬೆಳಿಗ್ಗೆ ಮತ್ತೆ ಬಿಳಿ. ಒರೆಸಿಟ್ಟೆ. ಮಧ್ಯಾಹ್ನ ಮಾಯ. ಶುಕ್ರವಾರವೂ ಅದೇ ಕಥೆ. ನೆನಪನ್ನು ಅನುಮಾನಿಸಿ ರೂಢಿಯಿತ್ತು, ಈಗ ಕಣ್ಣನ್ನೂ ಅನುಮಾನಿಸುವ ಸ್ಥಿತಿ ಬಂತು. ‘ಬೆಳಿಗ್ಗೆ ಬಿಳಿ, ಮಧ್ಯಾಹ್ನ ಇಲ್ಲ’ ಎಂದು ಬರೆದು, ಕೆಳಗೆ ಗೆರೆ ಎಳೆದು, ಶನಿವಾರ ಏಳು ಗಂಟೆಗೇ ಬನ್ನಿ ಎಂದು ಸಾಬರನ್ನು ಬೇಡಿಕೊಂಡೆ.

ಸಾಬರು ಮಫ್ಲರ್ ಸುತ್ತಿಕೊಂಡು ಬಂದು, ಬಾನೆಟ್ ಎತ್ತಿ ಕಡ್ಡಿ ಎಳೆದರು. ಬಿಳಿ ಇತ್ತು. ನಾನು ಹೇಳಿದ್ದು ಸುಳ್ಳಲ್ಲ ಎಂಬ ಸಂತೋಷದಲ್ಲಿ, ಅದು ನಿಜವಾದರೆ ಕಾರು ಕೈತಪ್ಪುತ್ತದೆ ಎಂಬುದೇ ನನಗೆ ಮರೆತುಹೋಯಿತು. ಸಾಬರು ಬಿಳಿಯನ್ನು ಎರಡು ಬೆರಳಿನ ನಡುವೆ ತಿಕ್ಕಿದರು. ಬೆರಳಿನ ಬಿಸಿಗೆ ಕರಗಿಹೋಯಿತು. ಮೂಸಿ ನೋಡಿದರು. ನನ್ನ ಕೈಲಿದ್ದ ಒರೆಸುವ ಬಟ್ಟೆಯನ್ನು ಇಸಿದುಕೊಂಡು ಅದನ್ನೂ ಮೂಸಿದರು. ಅಷ್ಟರಲ್ಲಿ ಗಿರಿಜೆ ಚಳಿಗೆ ಬೆಳ್ಳಗೆ ಹೆಪ್ಪುಗಟ್ಟಿದ್ದ ತಲೆಗೆ ಹಚ್ಚುವ ಎಣ್ಣೆಯ ಬಾಟಲಿ ಹಿಡಿದು ಬಂದಳು. ಬಿಸಿಲಿಗೆ ಕರಗಲೆಂದು ಚಳಿಗಾಲ ಪೂರ್ತಿ ಅವಳು ಅದನ್ನು ಇಡುವುದು ಕಾರಿನ ಮೇಲೆಯೇ.

“ಬಾನೆಟ್ ಮುಚ್ರೀ, ಬಾಟ್ಲಿ ಇಡ್ಬೇಕು.”

ಸಾಬರು ಬಾಟಲಿ ನೋಡಿದರು, ಕಡ್ಡಿ ನೋಡಿದರು, ಆಮೇಲೆ ನನ್ನನ್ನು ನೋಡಿದರು. “ಗ್ಯಾಸ್ಕೆಟ್ ಗಟ್ಟಿಯಾಗೇ ಇದೆ ಸಾರ್. ಬಟ್ಟೆ ತುಂಬ ಕೊಬ್ಬರಿ ಎಣ್ಣೆ. ಗಾಡಿಗೆ ದಿನಾ ಎಣ್ಣೆ ಹಚ್ಚಿದೀರಿ, ನೀರು ಹಾಕೋದೊಂದು ಬಾಕಿ.”

ತೆಂಗಿನ ಸೀಮೆಯಲ್ಲಿ ಹುಟ್ಟಿದವನಿಗೆ ವಾಸನೆ ತಿಳಿಯಲಿಲ್ಲವೇ ಎಂದು ನೀವು ಕೇಳಬಹುದು. ಹುಟ್ಟಿದಂದಿನಿಂದ ತಲೆಗೆ, ಅಂಗಾಲಿಗೆ, ಬಾಗಿಲ ತಿರುಗಣಿಗೆ ಅದನ್ನೇ ಹಚ್ಚಿಕೊಂಡು ಬಂದವನ ಮೂಗಿಗೆ ಅದು ವಾಸನೆಯಲ್ಲ, ಬರೀ ಗಾಳಿ.

“ಆ ಹುಳಿಯಾರಿನವನಿಗೆ ಬರೋದು ಬ್ಯಾಡ ಅನ್ನಿ,” ಎಂದಳು ಗಿರಿಜೆ. “ಬೆಳಿಗ್ಗೆ ಬಿಸಿಲು ಬೀಳೋ ಜಾಗ ಈ ಮನೇಲಿ ಅದೊಂದೇ ಇರೋದು.”

ಸಾಬರು ಜಗಲಿಯಲ್ಲಿ ಕಾಫಿ ಕುಡಿಯುವಷ್ಟರಲ್ಲಿ ನಾನು ಒಳಗೆ ಹೋಗಿ ದಿನಚರಿ ತೆಗೆದೆ. ಬಿಳಿ ಕಂಡ ಬುಧವಾರದಿಂದ ಮುಂದಿನದನ್ನು ಹತ್ತು ಸಲ ಓದಿದ್ದೆ. ಹಿಂದಿನ ಪುಟ ತಿರುವಿರಲಿಲ್ಲ. ಮಂಗಳವಾರದ ಕೆಳಗೆ ನನ್ನದೇ ದುಂಡು ಅಕ್ಷರದಲ್ಲಿತ್ತು: ‘ಬಾನೆಟ್ ಮೇಲೆ ಎಣ್ಣೆ ಬಾಟಲಿ ಮಗುಚಿತು. ಬಟ್ಟೆಯಲ್ಲಿ ಒರೆಸಿದೆ. ಅದೇ ಬಟ್ಟೆಯಲ್ಲಿ ಆಯಿಲ್ ಕಡ್ಡಿಯನ್ನೂ ಒರೆಸಿ ಮಟ್ಟ ನೋಡಿದೆ. ಎಲ್ಲ ಸರಿಯಿದೆ.’ ಈ ದಾಖಲೆಯನ್ನು ಹೊರಗೆ ತಂದು ತೋರಿಸುವುದೋ ಬೇಡವೋ ಎಂದು ಯೋಚಿಸುತ್ತಿರುವಾಗಲೇ ಜಗಲಿಯಿಂದ ಗಿರಿಜೆಯ ಮಾತು ಕೇಳಿಸಿತು.

“ಮಂಗಳವಾರ ಮಧ್ಯಾಹ್ನ ಕಣ್ರೀ ಸಾಬ್ರೇ, ಬಾಟ್ಲಿ ಬಿದ್ದಿದ್ದು. ಇವ್ರೇ ಒರೆಸಿದ್ರು, ಇದೇ ನೀಲಿ ಗೆರೆ ಬಟ್ಟೇಲಿ. ನನ್ನ ಒಂದ್ ಮಾತು ಕೇಳಿದ್ರೆ ಅವತ್ತೇ ಹೇಳ್ತಿದ್ದೆ.”