ಪೋರ್ಟ್ ಬ್ಲೇರ್‌ನಿಂದ ಅಗತ್ತಿಗೆ ಎಷ್ಟು ದೂರ?

ದೆಹಲಿಯ ಸರ್ಕಾರಿ ಕಚೇರಿಯೊಂದರಲ್ಲಿ ಸಾಹೇಬರ ಪ್ರವಾಸದ ಟಿಕೆಟ್ಟು ನೋಡಿಕೊಳ್ಳುವುದು ನನ್ನ ಕೆಲಸವಾಗಿತ್ತು. ಅವರು ಆಕಾಶದಲ್ಲಿದ್ದಷ್ಟು ಹೊತ್ತೂ ನಾನು ನೆಲದ ಮೇಲೆ ಒದ್ದಾಡುತ್ತಿದ್ದೆ. ರೋಹಿಣಿ ಬಡಾವಣೆಗೆ ಮೆಟ್ರೋ ಹೊಸದಾಗಿ ಬಂದ ಆ ವರ್ಷದ ಒಂದು ಪ್ರವಾಸವಂತೂ ನನ್ನನ್ನು ಅರ್ಧಕ್ಕಿಳಿಸಿಬಿಟ್ಟಿತು.

ನಡುವಿನ ಅಡ್ಡಿ

ಸಾಹೇಬರು ಅಂಡಮಾನಿನ ಪೋರ್ಟ್ ಬ್ಲೇರ್‌ಗೂ ಲಕ್ಷದ್ವೀಪದ ಅಗತ್ತಿಗೂ ಹೋಗಿ ದೋಣಿಕಟ್ಟೆಗಳನ್ನು ನೋಡಬೇಕಿತ್ತು. ಎರಡೂ ದ್ವೀಪವೇ ತಾನೇ, ಬೆಳಿಗ್ಗೆ ಒಂದು, ಸಂಜೆ ಒಂದು ಮುಗಿಸೋಣ ಎಂದರು. ದೂರ, ಸಮಯ ಬರೆದು ಅರ್ಧ ಗಂಟೆಯಲ್ಲಿ ತರಲು ಹೇಳಿದರು. ನಾನು ಗೋಡೆಯ ನಕ್ಷೆಯ ಮೇಲೆ ದಾರ ಹಿಡಿದು ಅಳೆದೆ. ಎರಡು ಸಾವಿರದ ಇನ್ನೂರು ಕಿಲೋಮೀಟರಿನ ಆಸುಪಾಸು ಬಂತು. ನೇರ ವಿಮಾನವಿಲ್ಲ, ಚೆನ್ನೈ, ಕೊಚ್ಚಿ ಸುತ್ತಿ ಮೂರು ವಿಮಾನ ಹತ್ತಬೇಕು, ಎರಡು ದಿನ ಹಿಡಿಯುತ್ತದೆ ಎಂದು ಹೆದರುತ್ತಲೇ ಹೇಳಿದೆ.

"ಯಾಕೆ, ನಡುವೆ ಏನಿದೆ?"

"ದಕ್ಷಿಣ ಭಾರತ ಇದೆ, ಸರ್."

ಅವರು ನಕ್ಷೆಯನ್ನೇ ನೋಡುತ್ತಾ, "ಅಚ್ಛಾ. ತಪ್ಪಿಸಿಕೊಂಡು ಹೋಗೋಕಾಗಲ್ವಾ?" ಎಂದರು.

ತೂಕ

ಕೊಚ್ಚಿಯಿಂದ ಅಗತ್ತಿಗೆ ಹೋಗುವುದು ಪುಟ್ಟ ವಿಮಾನ, ಹಾರಾಟ ಒಂದೂವರೆ ಗಂಟೆ. ಪ್ರಯಾಣಿಕರ ತೂಕವನ್ನೂ ಬರೆಯಬೇಕು ಎಂದು ಟಿಕೆಟ್ ಏಜೆಂಟ್ ಹೇಳಿದ. ಸಾಹೇಬರ ತೂಕ ಕೇಳುವುದು ಹೇಗೆ? ಎರಡು ದಿನ ಫೈಲು ಹಿಡಿದು ಅವರ ಬಾಗಿಲವರೆಗೆ ಹೋಗಿ ವಾಪಸು ಬಂದೆ. ಮೂರನೇ ದಿನ ಕೇಳಿಯೇಬಿಟ್ಟೆ. ಅವರು ಹೊಟ್ಟೆ ಒಳಗೆಳೆದುಕೊಂಡು ಎಪ್ಪತ್ತೆರಡು ಎಂದರು. ತೊಂಬತ್ತಕ್ಕೆ ಕಡಿಮೆಯಿಲ್ಲ ಎಂಬುದು ಕಚೇರಿಯ ಕುರ್ಚಿಗೂ ಗೊತ್ತಿತ್ತು. ಸುಳ್ಳು ಬರೆದರೆ ವಿಮಾನ ಸಮುದ್ರಕ್ಕಿಳಿದೀತು, ನಿಜ ಬರೆದರೆ ನನ್ನ ವರ್ಗವಾದೀತು. ಕೊನೆಗೆ ಎಪ್ಪತ್ತೆರಡು ಎಂದೇ ಬರೆದು, ಉಳಿದ ಹದಿನೆಂಟು ಕಿಲೋವನ್ನು ಕಚೇರಿ ಫೈಲುಗಳ ಲೆಕ್ಕಕ್ಕೆ ಹಾಕಿದೆ.

ಫೋನ್ ಬಾರದ ಬೆಳಿಗ್ಗೆ

ಸಾಹೇಬರು ಅಗತ್ತಿಗೆ ಹಾರಿದ ದಿನ ಬೆಳಗಿನಿಂದ ಫೋನಿನ ಮುಂದೆಯೇ ಕುಳಿತಿದ್ದೆ. ಒಂದೂವರೆ ಗಂಟೆಯಾಯಿತು, ಮೂರು ಗಂಟೆಯಾಯಿತು, ಸುದ್ದಿಯಿಲ್ಲ. ಅಲ್ಲಿಯ ರನ್‌ವೇಯ ಎರಡೂ ಕಡೆ ಸಮುದ್ರ ಎಂದು ಕೇಳಿದ್ದೆ. ಆ ಹದಿನೆಂಟು ಕಿಲೋ ನನ್ನ ಎದೆಯ ಮೇಲೇ ಕೂತಿತ್ತು. ಸಾಹೇಬರ ಮನೆಯವರು ಎರಡು ಸಲ ಫೋನ್ ಮಾಡಿದರು. ಈಗ ಬರುತ್ತೆ ಮೇಡಂ ಎಂದೆ, ಏನು ಬರುತ್ತೆ ಎಂದು ನನಗೇ ಗೊತ್ತಿರಲಿಲ್ಲ.

ಅಷ್ಟರಲ್ಲಿ ಯಾರೋ ಬಂದು, ಸಾಹೇಬರನ್ನು ನೋಡಬೇಕಿತ್ತು ಎಂದರು. ಬೆಂಚು ತೋರಿಸಿ ಚಹಾ ಕೊಡಿಸಿದೆ.

ಮಧ್ಯಾಹ್ನ ಫೋನ್ ಬಂತು. ಸಾಹೇಬರದೇ ದನಿ. ನನ್ನ ಕಣ್ಣಲ್ಲಿ ನೀರು ಬಂತು. ಅವರು ಮಾತ್ರ ಕೆಂಡವಾಗಿದ್ದರು. ಎರಡು ದಿನ, ಮೂರು ವಿಮಾನ ಹತ್ತಿಳಿದು ಬಂದರೆ ಕಟ್ಟೆ ತೋರಿಸಬೇಕಾದ ಇಂಜಿನಿಯರೇ ಇಲ್ಲಿಲ್ಲ, ಎಲ್ಲಿ ಹಾಳಾಗಿ ಹೋಗಿದ್ದಾನೆ ವಿಚಾರಿಸಿ ಎಂದರು.

ನನಗೇಕೋ ಅನುಮಾನ ಬಂತು. ಫೋನಿಗೆ ಕೈ ಮುಚ್ಚಿ, ತಾವು ಎಲ್ಲಿಂದ ಬಂದಿರಿ ಎಂದು ಬೆಂಚಿನವರನ್ನು ಕೇಳಿದೆ.

"ಅಗತ್ತಿಯಿಂದ. ಸಾಹೇಬರಿಗೆ ಅಷ್ಟು ದೂರ ಬರುವ ತೊಂದರೆ ಬೇಡ ಅಂತ ನಾನೇ ಕಟ್ಟೆಯ ನಕ್ಷೆ ತಂದೆ."

ಹೇಗೋ ಧೈರ್ಯ ಮಾಡಿ ಸಾಹೇಬರಿಗೆ ತಿಳಿಸಿದೆ.

"ಅವರನ್ನು ಅಲ್ಲೇ ಕೂರಿಸಿ," ಎಂದರು ಸಾಹೇಬರು. "ನಾನು ಬಂದೆ."

ಕೂರಿಸಿದೆ. ಇನ್ನೊಂದು ಚಹಾ ಹೇಳಿದೆ.